ಬಟ್ಟೆ ತುಳಿದವರು

ನಮ್ಮ ಮಾತಿನಲ್ಲಿ ‘ನಡೆಯುವುದು’ ಬೇರೆ, ‘ವಾಕಿಂಗ್’ ಬೇರೆ. ಬಸ್ಸು ತಪ್ಪಿದವರು ನಡೆದು ಬರುತ್ತಾರೆ. ಹೊಲಕ್ಕೆ ಬುತ್ತಿ ಒಯ್ಯುವವರು, ಸಂತೆಗೆ ತರಕಾರಿ ಬುಟ್ಟಿ ಹೊತ್ತವರು, ಬೆಟ್ಟದ ದೇವರಿಗೆ ಹರಕೆ ಕಟ್ಟಿಕೊಂಡವರು ನಡೆಯುತ್ತಾರೆ. ವಾಕಿಂಗ್ ಹೋಗುವವರ ಕೈ ಖಾಲಿ. ಅವರು ಯಾವ ಊರನ್ನೂ ಮುಟ್ಟಬೇಕಾಗಿಲ್ಲ. ಹೊರಟ ಗೇಟಿಗೇ ಮರಳಿ ಬಂದರೆ ಆಯಿತು. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ‘ಎಲ್ಲಿಗೂ ಇಲ್ಲ, ಹೀಗೇ ವಾಕಿಂಗು’ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಹೇಳುವುದೂ ‘ದಿನಾ ವಾಕಿಂಗ್ ಮಾಡಿ’ ಎಂದೇ. ಇಂಗ್ಲಿಷಿನಿಂದ ಬಂದ ಪದಕ್ಕೆ ‘ಮಾಡು’ ಸೇರಿಸಿ ಅದನ್ನು ಸ್ನಾನ, ಪೂಜೆ, ವ್ಯಾಯಾಮಗಳ ಸಾಲಿಗೆ ತಂದುಕೊಂಡಿದ್ದೇವೆ. ನಡೆಯುವುದಕ್ಕೆ ಯಾರೂ ಹಾಗೆ ‘ಮಾಡು’ ಸೇರಿಸುವುದಿಲ್ಲ.

ನನ್ನ ಅಜ್ಜಿಯ ಬದುಕಿನಲ್ಲಿ ವಾಕಿಂಗ್ ಇರಲಿಲ್ಲ. ಕೆರೆಗೆ, ಗದ್ದೆಗೆ, ತವರಿಗೆ, ಮಗಳ ಬಾಣಂತನಕ್ಕೆ ಎಂದು ಅವಳು ನಡೆದು ಹೋದ ಕಡೆಯಲ್ಲೆಲ್ಲ ಒಂದು ಕೆಲಸ ಅವಳಿಗಾಗಿ ಕಾದಿರುತ್ತಿತ್ತು. ಅವಳ ಬಿರುಕುಬಿಟ್ಟ ಹಿಮ್ಮಡಿಯನ್ನೂ ಬೆಳಗಿನ ಪಾರ್ಕಿನ ಬಿಳಿ ಬೂಟುಗಳನ್ನೂ ಒಟ್ಟಿಗೆ ನೆನೆದಾಗ ‘ವಾಕ್’ ಎಂಬುದು ಬಿಡುವು ಇದ್ದವರ ಪದವೆಂದೇ ತೋರುತ್ತದೆ. ಆದರೆ ಆ ಪದದ ಬುಡವನ್ನು ಕೆದಕುತ್ತಾ ಹೋದರೆ ಅಲ್ಲಿ ಸಿಗುವುದು ಪಾರ್ಕೂ ಅಲ್ಲ, ಬೂಟೂ ಅಲ್ಲ. ಅಲ್ಲಿರುವುದು ನನ್ನ ಅಜ್ಜಿಯಂಥವರ ಬರಿಗಾಲು. ಈ ಪ್ರಬಂಧ ಆ ಕಾಲುಗಳನ್ನು ಕುರಿತದ್ದು.

ಪದಗಳ ಹಿಂದೆ ಬೀಳುವ ಚಾಳಿ ನನ್ನ ತಲೆಮಾರಿನ ಹಲವರಿಗೆ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ಯಿಂದ ಅಂಟಿದ್ದು. ದಿನಬಳಕೆಯ ಪುಟ್ಟ ಪದದೊಳಗೂ ಒಂದು ಸಮಾಜವೇ ವಾಸವಾಗಿರುತ್ತದೆ ಎಂದು ಅವರು ತೋರಿಸಿಕೊಟ್ಟರು. ಅದೇ ಕಣ್ಣಿನಿಂದ ‘ವಾಕ್’ ಎಂಬ ಪದವನ್ನು ನೋಡಬೇಕು.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದರ ರೂಪ ‘ವೆಯಾಲ್ಕನ್’. ಆಗ ಅದಕ್ಕೂ ನಡಿಗೆಗೂ ಸಂಬಂಧವಿರಲಿಲ್ಲ. ಉರುಳು, ಹೊರಳು, ಹೊಯ್ದಾಡು ಎಂಬುದೇ ಅದರ ಅರ್ಥ. ಹಾಗೆ ಹೊಯ್ದಾಡುತ್ತಿದ್ದದ್ದು ಮುಖ್ಯವಾಗಿ ಕಡಲು. ‘ಬೇವುಲ್ಫ್’ ಕಾವ್ಯದಲ್ಲಿ ಅಲೆಗಳ ಹೊರಳಾಟವನ್ನು ಹೇಳಲು ಬರುವುದು ಇದೇ ಧಾತುವಿನಿಂದ ಹುಟ್ಟಿದ ನಾಮಪದ. ಮನಸ್ಸಿನಲ್ಲಿ ಒಂದು ವಿಚಾರವನ್ನು ಮಗುಚಿ ಮಗುಚಿ ನೋಡುವುದಕ್ಕೂ ಆ ಜನ ಇದೇ ಕ್ರಿಯಾಪದ ಬಳಸಿದರು. ಕಾಲ್ನಡಿಗೆಗೆ ಅವರ ಬಳಿ ಬೇರೆ ಪದಗಳಿದ್ದವು. ಇಂದಿನ ‘ಗೋ’ ಪದದ ಪೂರ್ವಜ ಅವುಗಳಲ್ಲೊಂದು. ಎಷ್ಟೋ ಕಾಲದವರೆಗೆ ಇಂಗ್ಲಿಷಿನಲ್ಲಿ ‘ಸವಾರಿ ಹೋಗುವುದೋ, ಗೋ ಮಾಡುವುದೋ’ ಎಂಬ ಜೋಡಿ ಮಾತಿತ್ತು. ಒಂದು ಕುದುರೆಯ ಮೇಲೆ, ಇನ್ನೊಂದು ಕಾಲ ಮೇಲೆ.

ಭಾಷಾಶಾಸ್ತ್ರಜ್ಞರು ‘ವಾಕ್’ನ ವಂಶಾವಳಿಯನ್ನು ಇನ್ನೂ ಹಿಂದಕ್ಕೆ ಒಯ್ದು, ತಿರುಗು, ಉರುಳು ಎಂಬ ಅರ್ಥದ ಒಂದು ಇಂಡೋ-ಯುರೋಪಿಯನ್ ಮೂಲಕ್ಕೆ ಮುಟ್ಟಿಸುತ್ತಾರೆ. ಅದೇ ಮೂಲದಿಂದ ಜರ್ಮನರ ‘ವಾಲ್ಟ್ಸ್’ ಕುಣಿತದ ಹೆಸರು ಬಂತು. ಸುರುಳಿ ಸುತ್ತಿದ ಹಸ್ತಪ್ರತಿಗೆ ಲ್ಯಾಟಿನ್ನಿನಲ್ಲಿ ಇಟ್ಟ ಹೆಸರು ಬಂತು. ನಾವು ಪುಸ್ತಕದ ಸಂಪುಟಕ್ಕೆ ಇಂದು ಹೇಳುವ ‘ವಾಲ್ಯೂಮ್’ ಅದೇ. ಸಂಸ್ಕೃತದ ‘ಊರ್ಮಿ’, ಅಂದರೆ ಅಲೆ, ಕೂಡ ಇದೇ ಕುಟುಂಬದ್ದು. ಊರ್ಮಿಳೆಯ ಹೆಸರನ್ನು ಮಗಳಿಗೆ ಇಟ್ಟ ಕನ್ನಡದ ಮನೆಯವರು ತಮಗೆ ಗೊತ್ತಿಲ್ಲದೆಯೇ ‘ವಾಕ್’ನ ದಾಯಾದಿ ಪದವೊಂದನ್ನು ದಿನಾ ಕೂಗಿ ಕರೆಯುತ್ತಾರೆ.

ಸುಮಾರು 1200ರ ಹೊತ್ತಿಗೆ, ಫ್ರೆಂಚ್ ಮಾತಾಡುವ ಅರಸರು ಇಂಗ್ಲೆಂಡನ್ನು ಆಳುತ್ತಿದ್ದ ಕಾಲದಲ್ಲಿ, ಈ ಪದ ನೀರಿನಿಂದ ನೆಲಕ್ಕೆ ಹತ್ತಿತು. ಅಲೆಯ ಹಾಗೆ ಅತ್ತಿಂದಿತ್ತ ಹೊರಳುವುದು ಎಂಬ ಅರ್ಥ ಅತ್ತಿಂದಿತ್ತ ತಿರುಗಾಡುವುದಾಯಿತು, ಅಲೆದಾಡುವುದಾಯಿತು, ಕೊನೆಗೆ ಕಾಲ ಮೇಲೆ ಹೋಗುವುದಾಯಿತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಲ್ಲಿ ಏಳುವುದು ಅಲೆ. ಊರೂರು ತಿರುಗುವುದು ಅಲೆ. ನಮ್ಮ ‘ಅಲೆಮಾರಿ’ ಎಂಬ ಪದ ನಡೆದ ಹಾದಿಯಲ್ಲೇ ‘ವಾಕ್’ ಕೂಡ ನಡೆದಿದೆ.

ಇದು ಒಂದು ಕವಲು. ಇದರ ಪಕ್ಕದಲ್ಲೇ, ಇದಕ್ಕಿಂತ ಮೊದಲೇ ಒಡೆದ ಇನ್ನೊಂದು ಕವಲಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು.

ಹಳೆಯ ಇಂಗ್ಲಿಷಿನಲ್ಲಿ ‘ವೆಯಾಲ್ಕೆರೆ’ ಎಂಬ ಪದವಿತ್ತು. ಇಂದಿನ ಅಕ್ಷರಗಳಲ್ಲಿ ಅದು ‘ವಾಕರ್’. ನಡೆಯುವವನು ಎಂದು ನಾವು ಅರ್ಥ ಮಾಡುತ್ತೇವೆ. ಆಗಿನ ಅರ್ಥ, ಉಣ್ಣೆಯ ಬಟ್ಟೆ ತುಳಿಯುವವನು. ‘ವಾಕ್’ ಎಂದರೆ ನಡೆ ಎಂಬ ಅರ್ಥ ಚಲಾವಣೆಗೆ ಬರುವ ಮೊದಲೇ ಈ ವಾಕರ್ ತೊಟ್ಟಿಗೆ ಇಳಿದು ಕೆಲಸ ಶುರು ಮಾಡಿದ್ದ. ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಇದೇ ಪದ ಇಂದಿಗೂ ಬಟ್ಟೆಯ ಕೆಲಸವನ್ನೇ ಹೇಳುತ್ತದೆ. ನಡಿಗೆಗೆ ಅವರಲ್ಲಿ ಬೇರೆ ಪದಗಳಿವೆ.

ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಹಾಗೆಯೇ ತೊಡಲು ಬರುವುದಿಲ್ಲ. ನೂಲಿನ ನಡುವೆ ಕಿಂಡಿಗಳಿರುತ್ತವೆ, ಕುರಿಯ ಮೈಯ ಜಿಡ್ಡು ಇರುತ್ತದೆ. ಗಾಳಿ ತೂರುತ್ತದೆ, ಮಳೆ ಸೋರುತ್ತದೆ. ನಮ್ಮ ಚಳ್ಳಕೆರೆ ಸೀಮೆಯ ಕಂಬಳಿಗೆ ಹುಣಸೆಬೀಜದ ಸರಿ ಬಳಿದು ಬಿಗಿ ತರುವ ಹಾಗೆ ಯುರೋಪಿನ ನೇಯ್ಗೆಯವರೂ ಬಟ್ಟೆಯನ್ನು ಬಿಗಿ ಮಾಡಲೇಬೇಕಿತ್ತು. ಅವರ ದಾರಿ ತುಳಿಯುವುದು. ಬಟ್ಟೆಯನ್ನು ತೊಟ್ಟಿಯಲ್ಲಿಟ್ಟು, ಹಳೆಯದಾಗಿ ನಾತ ಹುಟ್ಟಿದ ಮನುಷ್ಯ ಮೂತ್ರವನ್ನು ನೀರಿಗೆ ಬೆರೆಸಿ ಹೊಯ್ದು, ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯುತ್ತಿದ್ದರು. ಮೂತ್ರ ಹಳೆಯದಾದಂತೆ ಅದರಲ್ಲಿ ಹುಟ್ಟುವ ಅಮೋನಿಯಾ ಜಿಡ್ಡನ್ನು ಕರಗಿಸುತ್ತದೆ. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಹುರುಪೆಗಳಿರುತ್ತವೆ; ಒದ್ದೆಯಾಗಿ ತುಳಿಸಿಕೊಂಡಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ, ಮಳೆಯನ್ನು ತಡೆಯುತ್ತದೆ.

ಜಿಡ್ಡು ಹೀರಲು ಅವರು ಬಳಸುತ್ತಿದ್ದ ಇನ್ನೊಂದು ವಸ್ತು ಒಂದು ಬಗೆಯ ಜೇಡಿಮಣ್ಣು. ಈ ಕಸುಬಿನವರಿಗೆ ‘ಫುಲ್ಲರ್’ ಎಂಬ ಹೆಸರೂ ಇದ್ದುದರಿಂದ ಅದು ‘ಫುಲ್ಲರ್ಸ್ ಅರ್ಥ್’ ಆಯಿತು. ಮುಖಕ್ಕೆ ಹಚ್ಚಿಕೊಳ್ಳಲು ನಾವು ಅಂಗಡಿಯಿಂದ ತರುವ ಮುಲ್ತಾನಿ ಮಿಟ್ಟಿಯ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಆ ಹೆಸರು ಇಂದಿಗೂ ಅಲ್ಲಿ ಅಚ್ಚಾಗಿರುತ್ತದೆ.

ಈ ಕಸುಬು ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಡಿ ಹೂತುಹೋದ ಪೊಂಪೇ ಪಟ್ಟಣದಲ್ಲಿ ಬಟ್ಟೆ ತುಳಿಯುವ ಕಾರ್ಖಾನೆಗಳು ಸಿಕ್ಕಿವೆ. ಅಂಥ ಒಂದು ಕಾರ್ಖಾನೆಯ ಕಂಬದ ಮೇಲಿದ್ದ ಚಿತ್ರಗಳು ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿವೆ. ಸಣ್ಣ ಸಣ್ಣ ಗೂಡುಗಳಲ್ಲಿ ತೊಟ್ಟಿಯೊಳಗೆ ನಿಂತು, ಎರಡೂ ಬದಿಯ ಗಿಡ್ಡ ಗೋಡೆಗಳಿಗೆ ಕೈಯೂರಿ, ಬಟ್ಟೆ ತುಳಿಯುತ್ತಿರುವ ಕೆಲಸಗಾರರು ಅಲ್ಲಿದ್ದಾರೆ. ಅದೇ ಶತಮಾನದಲ್ಲಿ ರೋಮಿನ ಚಕ್ರವರ್ತಿ ವೆಸ್ಪೇಷಿಯನ್ ಮೂತ್ರದ ಮೇಲೆ ತೆರಿಗೆ ಹಾಕಿದ. ಕೊಳ್ಳುವವರು ಇಲ್ಲದ ಸರಕಿಗೆ ಯಾವ ಅರಸನೂ ತೆರಿಗೆ ಹಾಕುವುದಿಲ್ಲ.

ಅದೇ ಕಾಲದ ತತ್ತ್ವಜ್ಞಾನಿ ಸೆನೆಕಾ ತನ್ನ ಗೆಳೆಯ ಲೂಸಿಲಿಯಸ್‌ಗೆ ಬರೆದ ಹದಿನೈದನೆಯ ಪತ್ರವನ್ನು ನಾನು ಮತ್ತೆ ಮತ್ತೆ ತೆರೆದು ನೋಡುತ್ತೇನೆ. ಮೈ ಬೆಳೆಸುವುದರಲ್ಲೇ ಹೊತ್ತು ಕಳೆಯಬೇಡ, ಬೇಗ ಮುಗಿಯುವ ವ್ಯಾಯಾಮ ಸಾಕು ಎಂದು ಹೇಳುತ್ತಾ ಅವನು ಓಟ, ಭಾರ ಎತ್ತುವುದು, ಜಿಗಿತ ಎಂದು ಹೆಸರಿಸುತ್ತಾನೆ. ಜಿಗಿತಗಳಲ್ಲಿ ಒಂದನ್ನು ಅವನು ಬಟ್ಟೆ ತುಳಿಯುವವರ ಜಿಗಿತವೆಂದು ಕರೆದು, ಅದು ತುಸು ಕೀಳು ಮಾತು ಎಂದೂ ಸೇರಿಸುತ್ತಾನೆ. ಒಬ್ಬನ ದಿನವಿಡೀ ದುಡಿಮೆ ಇನ್ನೊಬ್ಬನ ಅರ್ಧ ಗಳಿಗೆಯ ವ್ಯಾಯಾಮವಾಗುವುದು ಹೊಸದೇನಲ್ಲ. ಎರಡು ಸಾವಿರ ವರ್ಷದ ಹಿಂದೆಯೇ ಅದು ಆಗಿತ್ತು, ಅದನ್ನು ಬರೆದಿಟ್ಟವನಿಗೂ ಆ ಅಂತರ ಗೊತ್ತಿತ್ತು.

ಮಧ್ಯಯುಗದ ಇಂಗ್ಲೆಂಡಿನ ಸಿರಿ ಉಣ್ಣೆಯಿಂದ ಬಂದದ್ದು. ಆ ಸಿರಿ ತುಳಿಯುವವರ ಕಾಲಡಿಯಿಂದ ಹಾದು ಬರಬೇಕಿತ್ತು. ಆ ಕಸುಬಿನವರಿಗೆ ಉತ್ತರದಲ್ಲಿ ವಾಕರ್, ದಕ್ಷಿಣ ಮತ್ತು ಪೂರ್ವದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್ ಎಂದು ಹೆಸರು. ಕಸುಬಿನ ಹೆಸರುಗಳು ಮನೆತನದ ಹೆಸರುಗಳಾಗಿ ಗಟ್ಟಿಯಾದ ಕಾಲ ಅದು. ಆ ಮೂರೂ ಇಂದಿಗೆ ಉಳಿದಿವೆ, ಅದರಲ್ಲೂ ವಾಕರ್ ಬ್ರಿಟನ್ನಿನ ಅತಿ ಸಾಮಾನ್ಯ ಮನೆತನದ ಹೆಸರುಗಳಲ್ಲಿ ಒಂದು. ಜಗತ್ತಿನ ತುಂಬ ಮಾರಾಟವಾಗುವ ಜಾನಿ ವಾಕರ್ ವಿಸ್ಕಿ ಬಾಟಲಿಯ ಮೇಲೆ ದಾಪುಗಾಲು ಹಾಕುವ ಒಬ್ಬ ಸೊಗಸುಗಾರನ ಚಿತ್ರವಿದೆ. 1908ರಲ್ಲಿ ಟಾಮ್ ಬ್ರೌನ್ ಎಂಬ ಕಲಾವಿದ ಬರೆದದ್ದು. ಎತ್ತರದ ಟೋಪಿ, ಕೈಯಲ್ಲಿ ಬೆತ್ತ, ಮಿರಿಮಿರಿ ಮಿಂಚುವ ಬೂಟು. ಆ ಹೆಸರಿನ ಮೂಲಪುರುಷ ಬರಿಗಾಲಲ್ಲಿ ತೊಟ್ಟಿಯೊಳಗೆ ನಿಂತಿದ್ದವನು, ಎಷ್ಟು ಹೆಜ್ಜೆ ಹಾಕಿದರೂ ನಿಂತಲ್ಲೇ ನಿಂತಿದ್ದವನು.

ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಕಾಲಿನ ಕೆಲಸವನ್ನು ನೀರಿಗೆ ಒಪ್ಪಿಸುವ ಉಪಾಯ ಇಂಗ್ಲೆಂಡಿನಲ್ಲಿ ಬೇರುಬಿಟ್ಟಿತು. ಹೊಳೆಯ ನೀರಿನಿಂದ ಚಕ್ರ ತಿರುಗಿಸಿ, ಆ ಚಕ್ರದಿಂದ ಭಾರವಾದ ಮರದ ಕೊಡತಿಗಳನ್ನು ಎತ್ತಿ ಬಟ್ಟೆಯ ಮೇಲೆ ಬೀಳಿಸುವ ಗಿರಣಿ. ಟೆಂಪ್ಲರ್ ಪಂಥದವರ 1185ರ ಆಸ್ತಿ ದಾಖಲೆಯಲ್ಲೇ ಇಂಥ ಗಿರಣಿಯ ಹೆಸರು ಬರುತ್ತದೆ. ಚರಿತ್ರಕಾರ್ತಿ ಎಲಿನೋರಾ ಕ್ಯಾರಸ್-ವಿಲ್ಸನ್ 1941ರಲ್ಲಿ ಬರೆದ ಹೆಸರಾಂತ ಲೇಖನವೊಂದರಲ್ಲಿ ಇದನ್ನು ಹದಿಮೂರನೆಯ ಶತಮಾನದ ಕೈಗಾರಿಕಾ ಕ್ರಾಂತಿ ಎಂದು ಕರೆದರು. ವೇಲ್ಸಿನವರ ಭಾಷೆಯಲ್ಲಿ ಈ ಗಿರಣಿಗೆ ‘ಪಂಡಿ’ ಎನ್ನುತ್ತಾರೆ. ಗಣಿ ಕಾರ್ಮಿಕರ ಹೋರಾಟದಿಂದ ಹೆಸರಾದ ಟೋನಿಪಂಡಿ ಊರಿನ ಹೆಸರಿನ ಕೊನೆಯಲ್ಲಿ ಕೂತಿರುವುದು ಅದೇ.

ಗಿರಣಿ ಬಂದರೂ ಕಾಲು ಬಿಡುವು ಪಡೆಯಲಿಲ್ಲ. ಹದಿನಾಲ್ಕನೆಯ ಶತಮಾನದ ಕವಿ ಲ್ಯಾಂಗ್ಲೆಂಡ್ ಮಗ್ಗದಿಂದ ಇಳಿದ ಬಟ್ಟೆ ಹದಕ್ಕೆ ಬರುವ ಬಗೆಯನ್ನು ಹೇಳುವಾಗ ಕಾಲಡಿಯ ತುಳಿತವನ್ನೂ ಗಿರಣಿಯ ಕುಟ್ಟಾಟವನ್ನೂ ಜೊತೆಜೊತೆಗೇ ಹೆಸರಿಸುತ್ತಾನೆ. ಅದೇ ಶತಮಾನದ ವಿಕ್ಲಿಫ್ ಬೈಬಲಿನಲ್ಲಿ, ಬೆಟ್ಟದ ಮೇಲೆ ಯೇಸುವಿನ ಉಡುಪು ಬೆಳ್ಳಗೆ ಹೊಳೆದ ಪ್ರಸಂಗದಲ್ಲಿ, ಭೂಮಿಯ ಮೇಲಿನ ಯಾವ ‘ಬಟ್ಟೆಯ ವಾಕರ್’ ಕೂಡ ಅಷ್ಟು ಬೆಳ್ಳಗೆ ಮಾಡಲಾರ ಎಂಬ ಮಾತು ಬರುತ್ತದೆ. ಕನ್ನಡ ಬೈಬಲಿನಲ್ಲಿ ಆ ಜಾಗದಲ್ಲಿ ಬರುವವನು ಅಗಸ.

ಅಗಸ ಎಂದೊಡನೆ ಕನ್ನಡದ ಮನಸ್ಸು ಕಲ್ಯಾಣಕ್ಕೆ ಓಡುತ್ತದೆ. ಟೆಂಪ್ಲರರ ಗಿರಣಿ ದಾಖಲೆಗೆ ಸೇರಿದ ಅದೇ ಹನ್ನೆರಡನೆಯ ಶತಮಾನದಲ್ಲಿ ನಮ್ಮಲ್ಲಿ ಮಡಿವಾಳ ಮಾಚಿದೇವರು ಇದ್ದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಿದಿರಿನ ಕೆಲಸದ ಮೇದರ ಕೇತಯ್ಯ ಇದ್ದರು. ಅವರ ಕಸುಬಿನ ಹೆಸರು ಉಳಿದಿದೆ, ಅವರವರ ಹೆಸರು ಉಳಿದಿದೆ, ಎಲ್ಲಕ್ಕಿಂತ ಹೆಚ್ಚಾಗಿ ಅವರ ಮಾತು ಉಳಿದಿದೆ. ಇಂಗ್ಲೆಂಡಿನ ಆ ಶತಮಾನದ ವಾಕರ್ ಏನು ಯೋಚಿಸುತ್ತಿದ್ದ, ಯಾರ ಮೇಲೆ ಸಿಟ್ಟಾಗಿದ್ದ, ಯಾವ ದೇವರನ್ನು ಏನೆಂದು ಪ್ರಶ್ನಿಸಿದ ಎಂಬುದನ್ನು ಅವನ ಬಾಯಿಂದಲೇ ಕೇಳುವ ಭಾಗ್ಯ ಆ ಭಾಷೆಗೆ ಸಿಗಲಿಲ್ಲ. ಕನ್ನಡಕ್ಕೆ ಸಿಕ್ಕ ಆ ಸಂಪತ್ತಿನ ಬೆಲೆ ಎಂಥದ್ದೆಂದು ಬೇರೆಯವರ ನಿಘಂಟನ್ನು ಓದುವಾಗ ಹೊಳೆಯುತ್ತದೆ.

ಆದರೂ ತುಳಿಯುವವರ ದನಿ ಪೂರ್ತಿ ಅಡಗಿಹೋಗಲಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳಲ್ಲಿ ಈ ಕೆಲಸ ಹೆಂಗಸರದಾಗಿತ್ತು. ಸ್ಕಾಟ್ಲೆಂಡಿನ ಇಂಗ್ಲಿಷಿನಲ್ಲಿ ಇದಕ್ಕೆ ‘ವಾಲ್ಕಿಂಗ್’ ಎನ್ನುತ್ತಾರೆ. ಪದ ಅದೇ, ಬರೆಯುವ ರೀತಿ ತುಸು ಬೇರೆ. ಉದ್ದನೆಯ ಹಲಗೆಯ ಎರಡೂ ಕಡೆ ಹೆಂಗಸರು ಕೂತು ಒದ್ದೆ ಬಟ್ಟೆಯನ್ನು ಹಲಗೆಗೆ ಬಡಿಯುತ್ತಾ, ಉಜ್ಜುತ್ತಾ, ಕೈಯಿಂದ ಕೈಗೆ ದಾಟಿಸುತ್ತಾ ಹಾಡುತ್ತಿದ್ದರು. ಒಬ್ಬಳು ಸೊಲ್ಲು ಎತ್ತಿಕೊಡುವಳು, ಉಳಿದವರು ಪಲ್ಲವಿ ಹಿಡಿಯುವರು. ಕೆಲಸದ ಹೊತ್ತನ್ನು ಅಳೆಯಲು ಗಡಿಯಾರ ಬೇಕಿರಲಿಲ್ಲ. ಈ ಬಟ್ಟೆಗೆ ಇನ್ನಿಷ್ಟು ಹಾಡು ಬೇಕು ಎಂದು ಲೆಕ್ಕ. 1773ರಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಗೆಳೆಯ ಬಾಸ್ವೆಲ್ ಜೊತೆ ರಾಸೆ ದ್ವೀಪಕ್ಕೆ ಹೋದಾಗ ಹೆಂಗಸರು ಮಂಡಿಯೂರಿ ಹಾಡುತ್ತಾ ಬಟ್ಟೆ ಉಜ್ಜುವುದನ್ನು ಅವನಿಗೆ ತೋರಿಸಿದರೆಂದು ಬಾಸ್ವೆಲ್ ಬರೆದಿಟ್ಟಿದ್ದಾನೆ. ಅದೇ ದಶಕದಲ್ಲಿ ಆ ಸೀಮೆ ಸುತ್ತಿದ ಥಾಮಸ್ ಪೆನ್ನಂಟ್ ಪ್ರಕಟಿಸಿದ ಚಿತ್ರದಲ್ಲಿ ಹೆಂಗಸರು ಸಾಲಾಗಿ ಕೂತು ಕಾಲಿನಿಂದ ಬಟ್ಟೆ ಒತ್ತುತ್ತಿದ್ದಾರೆ.

ಆ ಹಾಡುಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಜಾನ್ ಲಾರ್ನ್ ಕ್ಯಾಂಪ್‌ಬೆಲ್ ಮತ್ತು ಫ್ರಾನ್ಸಿಸ್ ಕಾಲಿನ್ಸನ್ ಸೇರಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ನೆಲ ಬಿಟ್ಟು ಕೆನಡಾದ ಕೇಪ್ ಬ್ರೆಟನ್ನಿಗೆ ಹೋದ ಗೇಲಿಕ್ ಮಾತಿನ ಜನ ಇಂದಿಗೂ ಮೇಜಿನ ಸುತ್ತ ಕೂತು, ತುಳಿಯಬೇಕಾದ ಬಟ್ಟೆ ಇಲ್ಲದಿದ್ದರೂ, ಒಂದು ಬಟ್ಟೆಯನ್ನು ಬಡಿಯುತ್ತಾ ಅವನ್ನು ಹಾಡುತ್ತಾರೆ. ಬೀಸುಕಲ್ಲಿನ ಮುಂದೆ ಹುಟ್ಟಿದ ನಮ್ಮ ತ್ರಿಪದಿಗಳನ್ನು ಬಲ್ಲವರು ಆ ಧ್ವನಿಮುದ್ರಿಕೆಗಳನ್ನು ಒಮ್ಮೆ ಕೇಳಬೇಕು. ಭಾಷೆ ತಿಳಿಯದಿದ್ದರೂ ಮೈ ಕೆಲಸದ ಲಯವನ್ನು ಗುರುತಿಸುತ್ತದೆ.

ಪದದ ಇನ್ನೊಂದು ಕವಲು ಅಷ್ಟರಲ್ಲಿ ಬೇರೆಯದೇ ಬದುಕನ್ನು ಹಿಡಿದಿತ್ತು. ಕುರಿ ಮೇಯುವ ಬಯಲು ‘ವಾಕ್’ ಆಯಿತು. ನೂಲನ್ನು ಹಿಡಿದು ಹಿಮ್ಮುಖವಾಗಿ ನಡೆಯುತ್ತಾ ಹಗ್ಗ ಹೊಸೆಯುವ ಉದ್ದನೆಯ ಕೊಟ್ಟಡಿ ‘ರೋಪ್‌ವಾಕ್’ ಆಯಿತು. ಇಂಗ್ಲೆಂಡಿನ ಚ್ಯಾಟಮ್ ಹಡಗುಕಟ್ಟೆಯ ಹಗ್ಗದ ಮನೆ ಸುಮಾರು 346 ಮೀಟರ್ ಉದ್ದವಿದೆ. ಶ್ರೀಮಂತರ ತೋಟಗಳಲ್ಲಿ ಎರಡೂ ಬದಿ ಮರ ನೆಟ್ಟು ತಿರುಗಾಡಲು ಮಾಡಿದ ದಾರಿ ಕೂಡ ‘ವಾಕ್’ ಆಯಿತು. ಹತ್ತೊಂಬತ್ತನೆಯ ಶತಮಾನಕ್ಕೆ ಕಾಲಿಡುವಾಗ ಕವಿಗಳು ನಡಿಗೆಯನ್ನೇ ಬರವಣಿಗೆಯ ಕೋಣೆ ಮಾಡಿಕೊಂಡಿದ್ದರು. ವರ್ಡ್ಸ್‌ವರ್ತ್ ತನ್ನ ಬಾಳಿನಲ್ಲಿ 1,75,000ದಿಂದ 1,80,000 ಮೈಲಿ ನಡೆದಿರಬೇಕೆಂದು ಲೇಖಕ ಡಿ ಕ್ವಿನ್ಸಿ ಲೆಕ್ಕ ಹಾಕಿದ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದ ಕುವೆಂಪು ಅವರಿಗೆ ಆ ಪರಂಪರೆ ಓದಿನಲ್ಲಿ ಗೊತ್ತಿತ್ತು, ಮಲೆನಾಡಿನ ಕಾಡುಹಾದಿ ಕಾಲಿಗೆ ಗೊತ್ತಿತ್ತು. ಕನ್ನಡಕ್ಕೆ ‘ವಾಕಿಂಗ್’ ಬಂದದ್ದು ಈ ಕವಲಿನ ತುದಿಯಿಂದ. ತೊಟ್ಟಿ, ಮೂತ್ರ, ಕೊಡತಿ, ಹಾಡು ಯಾವುದೂ ಅದರ ಜೊತೆ ಹಡಗು ಹತ್ತಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಪದ ಮತ್ತೆ ದುಡಿಯುವವರ ಬೀದಿಗೆ ಮರಳಿತು. ಕೂಲಿ ಸಾಲದೆಂದು, ಅವಮಾನ ಸಹಿಸಲಾರೆವೆಂದು ಕೆಲಸವನ್ನು ಅಲ್ಲೇ ಬಿಟ್ಟು ಒಟ್ಟಾಗಿ ಹೊರನಡೆಯುವುದಕ್ಕೆ ಅಮೆರಿಕದಲ್ಲಿ ‘ವಾಕ್‌ಔಟ್’ ಎಂಬ ಹೆಸರು ಬಂತು. ನಿಂತಲ್ಲೇ ನಿಂತು ತುಳಿಯುವ ಕೆಲಸದ ಹೆಸರು, ತೊಟ್ಟಿಯಿಂದ ಹೊರಗೆ ಕಾಲಿಡುವ ಧೈರ್ಯದ ಹೆಸರಾಯಿತು. ಈ ಪದದ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ತಿರುವು ಇದು. ಯಾವ ಪಂಡಿತನೂ ಕೂತು ಯೋಜಿಸಿದ್ದಲ್ಲ. ಜನರ ಬಾಯಲ್ಲಿ ತಾನಾಗಿ ಆದದ್ದು.

ನಮ್ಮ ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ. ಪಂಪನಿಂದ ಮುಂದಕ್ಕೆ ಕವಿಗಳೆಲ್ಲ ಆ ಅರ್ಥದಲ್ಲಿ ಅದನ್ನು ಬಳಸಿದ್ದಾರೆ; ಹೆದ್ದಾರಿಗೆ ‘ಹೆಬ್ಬಟ್ಟೆ’ ಎಂದಿದ್ದಾರೆ. ಉಡುವ ಬಟ್ಟೆಗೂ ನಡೆಯುವ ಬಟ್ಟೆಗೂ ಉಚ್ಚಾರ ಒಂದೇ ಆದರೂ ನಿಘಂಟುಗಳು ಅವನ್ನು ಎರಡು ಬೇರೆ ಪದಗಳಾಗಿಯೇ ಕೊಡುತ್ತವೆ. ‘ಬಟ್ಟೆ ತುಳಿದವರು’ ಎಂದು ಕನ್ನಡದಲ್ಲಿ ಹೇಳಿದರೆ ದಾರಿ ನಡೆದವರೂ ಆಗುತ್ತಾರೆ, ಉಣ್ಣೆ ತುಳಿದವರೂ ಆಗುತ್ತಾರೆ. ಇಂಗ್ಲಿಷಿನವರು ಒಂದೇ ಕ್ರಿಯಾಪದದಲ್ಲಿ ಕಟ್ಟಿಟ್ಟ ಎರಡು ಅರ್ಥಗಳನ್ನು ನಮ್ಮ ಭಾಷೆ ಯಾವ ನಂಟೂ ಇಲ್ಲದೆ ತನ್ನ ದಾರಿಯಲ್ಲೇ ಬಂದು ಒಂದು ನಾಮಪದದಲ್ಲಿ ಇಟ್ಟುಕೊಂಡಿದೆ. ಈ ಆಕಸ್ಮಿಕದಿಂದ ಏನನ್ನೂ ಸಾಧಿಸಿ ತೋರಿಸಲಾಗದು. ಆದರೆ ಇದನ್ನು ಕಂಡ ದಿನ ಎರಡೂ ಭಾಷೆಗಳ ಮೇಲೆ ನನಗೆ ಹುಟ್ಟಿದ ಅಕ್ಕರೆ ಇನ್ನೂ ಇಳಿದಿಲ್ಲ.

ವಾಕರ್‌ಗಳ ಕಾಲಿನ ಗುರುತು ನಮಗೆ ಇಂದು ಸಿಗುತ್ತಿರುವುದು ಯಾರೋ ಅದನ್ನು ಬರೆದಿಟ್ಟದ್ದರಿಂದ. ತೆರಿಗೆಯ ಪಟ್ಟಿಯಲ್ಲಿ ಕಸುಬನ್ನು ಗುರುತು ಹಾಕಿಕೊಂಡ ಗುಮಾಸ್ತರು, ಹಳೆಯ ಪುಸ್ತಕಗಳನ್ನು ಓದಿ ಚೀಟಿ ಚೀಟಿಯಾಗಿ ಉದಾಹರಣೆ ಕಳಿಸಿದ ಆಕ್ಸ್‌ಫರ್ಡ್ ನಿಘಂಟಿನ ಸ್ವಯಂಸೇವಕರು, ದ್ವೀಪದಿಂದ ದ್ವೀಪಕ್ಕೆ ಹೋಗಿ ಹಾಡು ಕೇಳಿ ಬರೆದುಕೊಂಡವರು. ನಮ್ಮಲ್ಲಿ ಕಿಟೆಲ್ 1894ರಲ್ಲಿ ಅಂಥ ಕೆಲಸವನ್ನು ಮಾಡಿದರು; ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಅದನ್ನು ಎಂಟು ಸಂಪುಟಗಳಿಗೆ ಬೆಳೆಸಿತು. ಆದರೂ ಕಂಬಳಿ ನೇಯುವವರು ತಮ್ಮ ಮಗ್ಗದ ಒಂದೊಂದು ಭಾಗಕ್ಕೆ ಇಟ್ಟ ಹೆಸರು, ಕುಂಬಾರರು ಮಣ್ಣು ತುಳಿಯುವ ಒಂದೊಂದು ಹದಕ್ಕೆ ಹೇಳುವ ಮಾತು, ಒಕ್ಕಣೆಯ ಕಣದ ಪದಗಳು ಬಹುಪಾಲು ಬಾಯಲ್ಲೇ ಇವೆ. ಕಸುಬು ನಿಂತ ಮನೆಯಲ್ಲಿ ಆ ಪದ ಒಂದೇ ತಲೆಮಾರಿನಲ್ಲಿ ನಿಲ್ಲುತ್ತದೆ.

ಮನೆಯಲ್ಲಿ ಅಂಥ ಕಸುಬು ಮಾಡಿದ ಹಿರಿಯರು ಇರುವವರು ಒಂದು ನೋಟುಪುಸ್ತಕ ತೆಗೆದುಕೊಂಡು ಅವರ ಪಕ್ಕ ಕೂರಬೇಕು. ಇದು ಏನು, ಇದಕ್ಕೇನು ಹೆಸರು, ಹೀಗೆ ಮಾಡುವುದಕ್ಕೆ ಏನನ್ನುತ್ತೀರಿ ಎಂದು ಕೇಳಿ ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಇದಕ್ಕೆ ಪದವಿ ಬೇಡ, ಅನುಮತಿ ಬೇಡ. ಮುಂದೊಂದು ದಿನ ಕನ್ನಡದ ಯಾವುದೋ ಪದ ತನ್ನ ಕಸುಬನ್ನು ಬಿಟ್ಟು ಬೆಳಗಿನ ಪಾರ್ಕು ಸೇರಬಹುದು, ಬಾಟಲಿಯ ಮೇಲಿನ ಚಿತ್ರವಾಗಬಹುದು. ಆಗ ಅದನ್ನು ಬಳಸುವವರಿಗೆ ಆ ಪದವನ್ನು ದುಡಿದು ಕೊಟ್ಟವರು ಯಾರೆಂದು ಗೊತ್ತಿರಬೇಕು.